ನಮ್ಮ ಹಳ್ಳದಲ್ಲಿ ಆನೆದಾರಿ ಇದೆ. ಅದನ್ನು ಉಳಿಸಲು ಗ್ರಾಮ ಪಂಚಾಯಿತಿಗೆ ಅಧಿಕಾರ ಇದೆಯೇ?

ಪ್ರಶ್ನೆ: ನಾನು ಚಾಮರಾಜನಗರ ಜಿಲ್ಲೆಯ ಕಾಡಂಚಿನ ಗ್ರಾಮ ಪಂಚಾಯಿತಿಯೊಂದರ ಅಧ್ಯಕ್ಷೆ. ನಮ್ಮೂರಿನ ಹಳ್ಳ ಹಿಡಿದು ಆನೆಗಳು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ದಾಟುತ್ತವೆ. ತಾತನ ಕಾಲದಿಂದಲೂ ಹಾಗೆಯೇ ನಡೆದಿದೆ. ಈಗ ಹಳ್ಳದ ಎರಡೂ ಬದಿಯ 11 ಎಕರೆಯನ್ನು ಹೊರಗಿನವರೊಬ್ಬರು ಕೊಂಡಿದ್ದಾರೆ. ಸುತ್ತ ಬೇಲಿ ಏಳುತ್ತಿದೆ, ಕಟ್ಟಡಕ್ಕೂ ಅರ್ಜಿ ಬಂದಿದೆ. ಒಂದು ಕಚೇರಿಯಲ್ಲಿ ಕೇಳಿದರೆ ‘ಪಟ್ಟಾ ಜಮೀನು, ನಮಗೆ ಬರುವುದಿಲ್ಲ’ ಎನ್ನುತ್ತಾರೆ. ಇನ್ನೊಂದು ಕಚೇರಿಯಲ್ಲಿ ‘ಆನೆಯ ವಿಷಯ ನಮ್ಮದಲ್ಲ’ ಎನ್ನುತ್ತಾರೆ. ಪಂಚಾಯಿತಿಯೇ ಏನಾದರೂ ಮಾಡಬಹುದೇ? ‘ಕಾರಿಡಾರ್’ ಎಂದು ಬರೆದುಬಿಟ್ಟರೆ ಜಮೀನು ಹೋಗುತ್ತದೆ, ಬ್ಯಾಂಕ್ ಸಾಲ ಸಿಗುವುದಿಲ್ಲ ಎಂದು ನಮ್ಮ ರೈತರು ಹೆದರಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಅಧ್ಯಕ್ಷರೇ, ಮಾಡಬಹುದು. ಎಲ್ಲವನ್ನೂ ಅಲ್ಲ, ಆದರೆ ನಿಮಗೆ ಹೇಳಿರುವುದಕ್ಕಿಂತ ಬಹಳ ಹೆಚ್ಚು. ಯಾವುದು ನಿಮ್ಮ ಕೈಯಲ್ಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗ್ರಾಮ ಪಂಚಾಯಿತಿ ಒಂದು ಜಾಗವನ್ನು ಆನೆ ಕಾರಿಡಾರ್ ಎಂದು ಘೋಷಿಸಲಾರದು. ಯಾರ ಜಮೀನನ್ನೂ ಕಿತ್ತುಕೊಳ್ಳಲಾರದು, ಉಳುವವರನ್ನು ಉಳಬೇಡಿ ಎನ್ನಲಾರದು. ಈ ಮೂರನ್ನು ಗ್ರಾಮ ಸಭೆಯಲ್ಲಿ ಎಲ್ಲರಿಗೂ ಕೇಳಿಸುವಂತೆ ಹೇಳಿ. ನಿಮ್ಮ ರೈತರ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಎರಡು ಕಚೇರಿಗಳ ನಡುವೆ ನಿಮ್ಮನ್ನು ಓಡಾಡಿಸಿದ್ದಕ್ಕೆ ಕಾರಣ ಕಾನೂನಿನ ರಚನೆಯಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರೀಯ ಉದ್ಯಾನ ಗೊತ್ತು, ಅಭಯಾರಣ್ಯ ಗೊತ್ತು, ಹುಲಿ ಸಂರಕ್ಷಿತ ಪ್ರದೇಶ ಗೊತ್ತು. ಕಾರಿಡಾರ್ ಎಂಬ ಹೆಸರಿನಲ್ಲಿ ಗಡಿ ಹಾಕಿ, ನಿಯಮ ಬರೆದು ಕಾಯುವ ವರ್ಗ ಅದರಲ್ಲಿಲ್ಲ. ಹುಲಿ ಸಂರಕ್ಷಿತ ಪ್ರದೇಶಗಳನ್ನು ಒಂದಕ್ಕೊಂದು ಬೆಸೆಯುವ ಜಾಗಗಳನ್ನು ಪರಿಸರಕ್ಕೆ ಒಗ್ಗದ ಬಳಕೆಗೆ ಬಿಟ್ಟುಕೊಡಬಾರದು ಎಂಬ ಮಾತು 2006ರ ತಿದ್ದುಪಡಿಯಲ್ಲಿ ಬಂತು. ಸಾರ್ವಜನಿಕ ಹಿತಕ್ಕೆ ಬೇಕೇಬೇಕು ಎಂದಾದರೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಸಲಹೆ, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಗಣಿ, ಹೆದ್ದಾರಿಯಂತಹ ದೊಡ್ಡ ಯೋಜನೆಗಳನ್ನು ಇದು ತಡೆದು ನಿಲ್ಲಿಸುತ್ತದೆ. ಹತ್ತು ಎಕರೆಯ ಬೇಲಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. 2023ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರತಂದ ವರದಿಯಲ್ಲಿ 15 ರಾಜ್ಯಗಳ 150 ಆನೆ ಕಾರಿಡಾರ್‌ಗಳ ಪಟ್ಟಿ ಇದೆ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಲ್ಲಿನ ಪಟ್ಟಾ ಜಮೀನಿಗೆ ಹೊಸ ನಿಯಮವೇನೂ ಅಂಟಿಕೊಳ್ಳುವುದಿಲ್ಲ.

ಹಾಗಾದರೆ ಪಟ್ಟಾ ಜಮೀನಿಗೆ ಯಾವ ಕಾನೂನು ತಾಗುತ್ತದೆ? ಭೂ ಬಳಕೆಯ ಕಾನೂನುಗಳು. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಸಾಮಾನ್ಯವಾಗಿ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಜಿಲ್ಲಾಧಿಕಾರಿಯವರ ಭೂ ಪರಿವರ್ತನೆ ಆದೇಶ ಬೇಕು. ಕಟ್ಟಡ ಕಟ್ಟಲು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಡಿ ನಿಮ್ಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಕಾರ್ಖಾನೆಗೆ, ಯಂತ್ರ ಕೂರಿಸುವುದಕ್ಕೆ 66ನೇ ಪ್ರಕರಣ ಇದೆ. ನಿಮ್ಮ ಊರು ಯಾವುದಾದರೂ ಯೋಜನಾ ಪ್ರದೇಶದೊಳಗೆ ಸೇರಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮಹಾಯೋಜನೆಯೂ (ಮಾಸ್ಟರ್ ಪ್ಲಾನ್) ಅನ್ವಯಿಸುತ್ತದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಜಮೀನು ಕೊಂಡವರು ಕಟ್ಟಡಕ್ಕೆ, ನೀರಿಗೆ, ಖಾತೆಗೆ ಒಂದಲ್ಲ ಒಂದು ದಿನ ಪಂಚಾಯಿತಿಯ ಬಾಗಿಲಿಗೆ ಬರಲೇಬೇಕು. ಆ ದಿನ ನಿಮ್ಮ ಕಡತದಲ್ಲಿ ಏನಿರುತ್ತದೆ ಎಂಬುದರ ಮೇಲೆ ಆನೆದಾರಿಯ ಹಣೆಬರಹ ನಿಂತಿದೆ.

ಏಕೆಂದರೆ ಆನೆದಾರಿಗಳು ಒಂದೇ ದೊಡ್ಡ ತೀರ್ಮಾನದಿಂದ ಮುಚ್ಚಿಹೋದದ್ದನ್ನು ನಾನು ನೋಡಿಲ್ಲ. ಇಲ್ಲೊಂದು ಸರ್ವೆ ನಂಬರ್, ಅಲ್ಲೊಂದು ಸರ್ವೆ ನಂಬರ್ ಎಂದು ಹತ್ತು ವರ್ಷಗಳಲ್ಲಿ ಮುಚ್ಚುತ್ತವೆ. ಒಂದು ಸಲ ಹೊಸ ಬಡಾವಣೆಯೊಂದರ ಸ್ಥಳ ಪರಿಶೀಲನೆಗೆ ಹೋಗಿದ್ದೆ. ಕೆಂಪು ಮಣ್ಣು ತಂದು ಸಮ ಮಾಡಿ, ನಿವೇಶನಗಳ ಮೂಲೆಗಳಿಗೆ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಹಿಂದಿನ ರಾತ್ರಿ ಹದವಾಗಿ ಮಳೆ ಬಿದ್ದಿತ್ತು. 30–40 ಅಳತೆಯ ನಿವೇಶನದ ಎರಡು ಬಿಳಿ ಕಲ್ಲುಗಳ ನಡುವೆ ಆನೆಯ ಹೆಜ್ಜೆಗಳು, ಒಂದೊಂದೂ ಅಗಲವಾದ ತಟ್ಟೆಯಷ್ಟು. ಪಕ್ಕದಲ್ಲೇ ಮರಿಯ ಪುಟ್ಟ ಹೆಜ್ಜೆಗಳೂ ಇದ್ದವು. ಹೆಜ್ಜೆಗಳು ಬಡಾವಣೆಯ ಮಧ್ಯದವರೆಗೆ ಬಂದಿದ್ದವು, ಒಂದೇ ಕಡೆ ಬಹಳ ಹೊತ್ತು ತುಳಿದಾಡಿದ ಗುರುತಿತ್ತು, ಆಮೇಲೆ ಪಕ್ಕದ ರಾಗಿ ಹೊಲಕ್ಕೆ ತಿರುಗಿದ್ದವು. ಆ ಹೊಲದ ಯಜಮಾನ ಬದುವಿನ ಮೇಲೆ ಕುಳಿತಿದ್ದರು. ನನ್ನೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ಬಡಾವಣೆಯ ಕಡತದಲ್ಲಿ ಎಲ್ಲ ಅನುಮತಿಗಳೂ ಇದ್ದವು. ಆನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ, ಏಕೆಂದರೆ ಆ ಸಾಲನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಬರೆದಿಡುವುದು. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಮಿಕ್ಕಿದ್ದೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಭೂಮಾಪನ ಇಲಾಖೆಯಿಂದ ನಿಮ್ಮ ಪಂಚಾಯಿತಿಗೆ ಸೇರಿದ ಪ್ರತಿ ಕಂದಾಯ ಗ್ರಾಮದ ಗ್ರಾಮ ನಕ್ಷೆ ತರಿಸಿ, ದೊಡ್ಡದಾಗಿ ಮುದ್ರಿಸಿ, ಅರಳಿಕಟ್ಟೆಯ ಮೇಲೆ ಹಾಸಿ. ದನ, ಕುರಿ ಕಾಯುವವರನ್ನು, ರಾತ್ರಿ ಅಟ್ಟಣೆಯಲ್ಲಿ ಹೊಲ ಕಾಯುವವರನ್ನು, ಸೋಲಿಗರ ಪೋಡಿನ (ಹಾಡಿಯ) ಹಿರಿಯರನ್ನು ಕೂರಿಸಿ. ಆನೆ ಎಲ್ಲಿ ಕಾಡಿನಿಂದ ಇಳಿಯುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಹಗಲು ಎಲ್ಲಿ ನಿಲ್ಲುತ್ತದೆ, ಯಾವ ತಿಂಗಳಲ್ಲಿ ಯಾವ ಕಡೆ ಹೋಗುತ್ತದೆ ಎಂದು ಕೇಳಿ. ನಕ್ಷೆ ಓದಲು ಬರುವುದಿಲ್ಲ ಎನ್ನುವವರೂ ಹಳ್ಳ ಮತ್ತು ಗುಡಿ ಎಲ್ಲಿವೆ ಎಂದು ತೋರಿಸಿದೊಡನೆ ಬೆರಳಿಟ್ಟು ದಾರಿ ಎಳೆಯುತ್ತಾರೆ. ಬಾಯಿಮಾತಿನಲ್ಲಿ ಬಂದದ್ದನ್ನು ಮರುದಿನ ನಡೆದು ನೋಡಿ. ‘ದಿಶಾಂಕ್’ ಆ್ಯಪ್ ಮೊಬೈಲ್‌ನಲ್ಲಿದ್ದರೆ ನೀವು ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ತೋರಿಸುತ್ತದೆ. ಲದ್ದಿ, ಹೆಜ್ಜೆ, ಮೈ ಉಜ್ಜಿದ ಮರ, ಕುಸಿದ ದಡ, ಇವುಗಳ ಫೋಟೊ ತೆಗೆದು ತಾರೀಖು, ಸರ್ವೆ ನಂಬರ್ ಬರೆದುಕೊಳ್ಳಿ. ಬೆಳೆ ಹಾನಿ ಪರಿಹಾರಕ್ಕೆ ನಿಮ್ಮ ರೈತರು ಕೊಟ್ಟ ಹಳೆಯ ಅರ್ಜಿಗಳಲ್ಲೂ ತಾರೀಖು ಮತ್ತು ಸರ್ವೆ ನಂಬರ್ ಇರುತ್ತವೆ. ಐದು ವರ್ಷದ ಅರ್ಜಿಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿ. ಬಹಳ ಸಲ ಆ ಚುಕ್ಕಿಗಳೇ ಸಾಲುಗಟ್ಟಿ ದಾರಿ ಬಿಡಿಸಿ ತೋರಿಸುತ್ತವೆ.

ಕೊನೆಗೆ ನಿಮ್ಮ ಕೈಯಲ್ಲಿ ಉಳಿಯಬೇಕಾದದ್ದು ಸರ್ವೆ ನಂಬರ್‌ಗಳ ಒಂದು ಪಟ್ಟಿ. ಬಣ್ಣ ತುಂಬಿದ ಚಂದದ ನಕ್ಷೆ ಸಭೆಯಲ್ಲಿ ತೋರಿಸುವುದಕ್ಕೆ ಸರಿ. ಪಿಡಿಒ ಮೇಜಿನ ಮೇಲೆ ಅರ್ಜಿ ಬಂದ ದಿನ ಕೆಲಸಕ್ಕೆ ಬರುವುದು ‘ಈ ಸರ್ವೆ ನಂಬರ್ ಪಟ್ಟಿಯಲ್ಲಿದೆಯೇ’ ಎಂಬ ಒಂದೇ ಪ್ರಶ್ನೆ.

ಈ ಪಟ್ಟಿಗೆ ಕಾನೂನಿನ ಬಲ ಎಲ್ಲಿಂದ ಬರುತ್ತದೆ? ಎರಡು ಕಡೆಯಿಂದ ತಂದುಕೊಳ್ಳಬಹುದು. ಮೊದಲನೆಯದು ಗ್ರಾಮ ಸಭೆಯ ಠರಾವು. ಎರಡನೆಯದು ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಪ್ರಕರಣದ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಆವಾಸಗಳನ್ನು ಕಾಪಾಡುವುದು ಅದರ ಕೆಲಸಗಳಲ್ಲಿ ಒಂದು ಎಂದು ಕಾಯ್ದೆಯೇ ಹೇಳುತ್ತದೆ. ಅನೇಕ ಊರುಗಳಲ್ಲಿ ಈ ಸಮಿತಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಗಿಡಮೂಲಿಕೆಗಳ ಪಟ್ಟಿ ಮಾಡಿ ಮುಗಿಸಿರುತ್ತಾರೆ. ನಿಮ್ಮದನ್ನು ಬಿಚ್ಚಿ ನೋಡಿ, ಆನೆದಾರಿಯ ಅಧ್ಯಾಯ ಸೇರಿಸಿ, ಸರ್ವೆ ನಂಬರ್‌ಗಳ ಸಮೇತ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಪಡೆದ ಪೋಡುಗಳು ನಿಮ್ಮಲ್ಲಿದ್ದರೆ ಅವರ ಗ್ರಾಮ ಸಭೆಯ ಮಾತಿಗೆ ಇನ್ನೂ ತೂಕವಿದೆ. 2006ರ ಆ ಕಾಯ್ದೆಯ 5ನೇ ಪ್ರಕರಣ ವನ್ಯಜೀವಿಗಳನ್ನೂ ಕಾಡನ್ನೂ ಕಾಪಾಡುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮ ಸಭೆಗೂ ಕೊಟ್ಟಿದೆ. ನಿಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ, ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ 2011ರಲ್ಲೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ಸಿಕ್ಕಿದವು. ಆನೆದಾರಿ ಅವರಷ್ಟು ಚೆನ್ನಾಗಿ ಬಲ್ಲವರು ಯಾವ ಕಚೇರಿಯಲ್ಲೂ ಇಲ್ಲ.

ಈಗ ಆ 11 ಎಕರೆಗೆ ಬರೋಣ.

ಎಲ್ಲಕ್ಕಿಂತ ಮೊದಲು ಹಳ್ಳ ಯಾರದ್ದು ಎಂದು ನೋಡಿ. ಎರಡೂ ಬದಿಯ ಜಮೀನು ಕೊಂಡವರು ನಡುವಿನ ಹಳ್ಳವೂ ತಮ್ಮದೇ ಎಂದುಕೊಳ್ಳುತ್ತಾರೆ. ಪಹಣಿ ತೆಗೆದು ‘ಬಿ ಖರಾಬು’ ಎಷ್ಟಿದೆ ಎಂದು ಓದಿ. ಹಳ್ಳ, ದಾರಿ, ಕಟ್ಟೆಯಂತಹ ಸಾರ್ವಜನಿಕ ಬಳಕೆಯ ನೆಲವನ್ನು ಅಳತೆಯ ಕಾಲದಲ್ಲೇ ಬಿ ಖರಾಬು ಎಂದು ಬೇರ್ಪಡಿಸಿರುತ್ತಾರೆ. ಅದು ಸರ್ಕಾರದ ನೆಲ, ಕ್ರಯಪತ್ರದಿಂದ ಯಾರಿಗೂ ದಾಟುವುದಿಲ್ಲ. ಅದಕ್ಕೆ ಅಡ್ಡಲಾಗಿ ಬೇಲಿ ಹಾಕುವುದು ಒತ್ತುವರಿ. ಅಳತೆ ಮಾಡಿಸಿ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಪಂಚಾಯಿತಿಯಿಂದ ಲಿಖಿತವಾಗಿ ಕೇಳಿ. ಇದಕ್ಕೆ ಆನೆಯ ಹೆಸರು ಎತ್ತುವ ಅಗತ್ಯವೂ ಇಲ್ಲ, ಕಂದಾಯ ಕಾನೂನೇ ಸಾಕು. ನನ್ನ ಅನುಭವದಲ್ಲಿ ಕಾಡಂಚಿನ ಊರುಗಳಲ್ಲಿ ಪ್ರಾಣಿಗಳ ದಾರಿಯ ದೊಡ್ಡ ಪಾಲು ಹಳ್ಳಗಳೇ, ಮತ್ತು ಹಳ್ಳಗಳು ಬಹುಪಾಲು ಖಾಸಗಿ ಅಲ್ಲ. ಇಷ್ಟು ಸರಳವಾದ ವಿಷಯ ಎಷ್ಟೋ ಪಂಚಾಯಿತಿಗಳಲ್ಲಿ ಬಳಕೆಯಾಗದೆ ಬಿದ್ದಿರುವುದು ನೋಡಿದಾಗ ಸಂಕಟವಾಗುತ್ತದೆ.

ಎರಡನೆಯದು ಕಟ್ಟಡದ ಅರ್ಜಿ. ಭೂ ಪರಿವರ್ತನೆ ಆಗಿದೆಯೇ, ಯಾವ ಉದ್ದೇಶಕ್ಕೆ ಆಗಿದೆ ಎಂದು ಕೇಳಿ. ಕೃಷಿಗೆ ಬೇಕಾದ ತೋಟದ ಮನೆಗೆ ಪರಿವರ್ತನೆ ಬೇಡ, ಅದನ್ನು ನೀವೂ ತಡೆಯಬೇಡಿ. ಆದರೆ ‘ತೋಟದ ಮನೆ’ ಎಂದು ಬಂದ ನಕ್ಷೆಯಲ್ಲಿ ಸ್ನಾನದ ಕೋಣೆ ಅಂಟಿಸಿಕೊಂಡ ಎಂಟು ಮಲಗುವ ಕೋಣೆಗಳಿದ್ದರೆ ಅದು ಏನೆಂದು ನಿಮಗೂ ಗೊತ್ತು, ಪಿಡಿಒಗೂ ಗೊತ್ತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಪ್ರಕರಣಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗೆ ಕೊಳ್ಳುವುದು ಈಗ ತಪ್ಪಲ್ಲ. ಕೊಂಡ ಕೃಷಿ ಜಮೀನಿನಲ್ಲಿ ಪರಿವರ್ತನೆ ಇಲ್ಲದೆ ರೆಸಾರ್ಟ್ ನಡೆಸುವುದು ಮಾತ್ರ ಇವತ್ತಿಗೂ ತಪ್ಪೇ.

ಇಲ್ಲಿ ಎರಡು ಎಚ್ಚರಿಕೆ. ಅರ್ಜಿಯನ್ನು ಸುಮ್ಮನೆ ಕಪಾಟಿನಲ್ಲಿ ಇಟ್ಟುಕೊಂಡು ಕೂರಬೇಡಿ. ಕಾಯ್ದೆ ಹೇಳಿದ ಅವಧಿ ಮೀರಿದರೆ ಅನುಮತಿ ಕೊಟ್ಟಂತೆಯೇ ಎಂದು ಅವರು ವಾದಿಸುತ್ತಾರೆ. ‘ಆನೆ ಓಡಾಡುತ್ತದೆ, ಆದ್ದರಿಂದ ತಿರಸ್ಕರಿಸಿದೆ’ ಎಂಬ ಒಂದು ಸಾಲಿನ ಹಿಂಬರಹವನ್ನೂ ಕೊಡಬೇಡಿ, ಮೇಲ್ಮನವಿಯಲ್ಲಿ ಅದು ಒಂದು ದಿನವೂ ನಿಲ್ಲುವುದಿಲ್ಲ. ಕಾರಣಗಳನ್ನು ಒಂದೊಂದಾಗಿ ಬರೆಯಿರಿ: ಪರಿವರ್ತನೆ ಆದೇಶ ಇಲ್ಲ, ಬಿ ಖರಾಬು ಒತ್ತುವರಿ ಇದೆ, ಈ ಸರ್ವೆ ನಂಬರ್ ಇಂಥ ದಿನದ ಗ್ರಾಮ ಸಭೆಯ ಪಟ್ಟಿಯಲ್ಲಿದೆ, ಅರಣ್ಯ ಇಲಾಖೆಯ ಅಭಿಪ್ರಾಯ ಕೇಳಿ ಪತ್ರ ಬರೆದಿದ್ದೇವೆ. ಅವರ ದಾಖಲೆಗಳೆಲ್ಲ ಸರಿಯಿದ್ದು ಅನುಮತಿ ಕೊಡಲೇಬೇಕಾದರೆ ಷರತ್ತುಗಳೊಂದಿಗೆ ಕೊಡಿ. ಕಟ್ಟಡ ಹಳ್ಳದಿಂದ ದೂರದ ಮೂಲೆಯಲ್ಲಿರಲಿ. ಬೇಲಿ ಕಟ್ಟಡದ ಸುತ್ತ ಮಾತ್ರ ಇರಲಿ, ಇಡೀ 11 ಎಕರೆಯ ಸುತ್ತ ಬೇಡ. ಹಳ್ಳದ ಕಡೆಗೆ ಮುಖ ಮಾಡಿದ ಹೊನಲು ದೀಪ ಬೇಡ. ಊಟದ ಎಂಜಲು, ಹಣ್ಣಿನ ಸಿಪ್ಪೆ ಬಯಲಿಗೆ ಬೀಳಬಾರದು. ಇಂತಹ ಷರತ್ತುಗಳನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಉಪವಿಧಿಯಾಗಿ ಬರೆದು ಮೇಲಿನ ಹಂತದ ಮಂಜೂರಾತಿ ಪಡೆದರೆ ‘ನನ್ನೊಬ್ಬನ ಮೇಲೆಯೇ ಏಕೆ’ ಎಂಬ ತಕರಾರಿಗೆ ಜಾಗ ಇರುವುದಿಲ್ಲ.

ಇದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ವೆಂಚುರಾ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂತಹ ಒಂದು ಸ್ಥಳೀಯ ಆಡಳಿತ, 2019ರ ಮಾರ್ಚ್‌ನಲ್ಲಿ ಇಂಥದ್ದೇ ನಿಯಮ ತಂದಿತು. ಪ್ಯೂಮಾ ಎಂಬ ದೊಡ್ಡ ಕಾಡು ಬೆಕ್ಕಿನಂತಹ ಪ್ರಾಣಿಗಳು ಬೆಟ್ಟದಿಂದ ಬೆಟ್ಟಕ್ಕೆ ದಾಟುವ ಪಟ್ಟೆಯನ್ನು ಭೂ ಬಳಕೆ ನಕ್ಷೆಯ ಮೇಲೆ ಗುರುತಿಸಿ, ಅಲ್ಲಿ ಮನೆ ಕಟ್ಟುವುದನ್ನು ನಿಷೇಧಿಸದೆ, ರಾತ್ರಿಯ ಹೊರ ದೀಪಗಳು, ಪ್ರಾಣಿ ನುಸುಳಲಾಗದ ಬೇಲಿಗಳು, ತೊರೆಯ ಪಕ್ಕದ ಗಿಡಗಂಟಿ ಕಡಿಯುವುದು, ಈ ಮೂರಕ್ಕೆ ಮಿತಿ ಹಾಕಿತು. ಭೂಮಾಲೀಕರು ಜೋರಾಗಿಯೇ ವಿರೋಧಿಸಿದ್ದರು. ನಮ್ಮ ಆನೆಗೂ ಅವರ ಪ್ಯೂಮಾಕ್ಕೂ ಹೋಲಿಕೆ ಕಡಿಮೆ. ಆದರೆ ದೀಪ, ಬೇಲಿ, ಹಳ್ಳದ ದಡ, ಈ ಮೂರನ್ನು ಹಿಡಿದರೆ ಅರ್ಧ ದಾರಿ ಉಳಿಯುತ್ತದೆ ಎಂಬುದು ಇಲ್ಲಿಗೂ ಒಪ್ಪುವ ಮಾತು.

ಬೇಲಿಯ ಮಾತು ಬಂದದ್ದರಿಂದ ನಿಮ್ಮ ರೈತರ ಕಡೆಯನ್ನೂ ಹೇಳಬೇಕು. ರಾಗಿ ತೆನೆ ಕಟ್ಟುವ ಹೊತ್ತಿಗೆ ರಾತ್ರಿಯೆಲ್ಲ ಪಟಾಕಿ ಹಿಡಿದು ಅಟ್ಟಣೆಯಲ್ಲಿ ಕೂರುವವರಿಗೆ ಕಾರಿಡಾರ್ ಎಂಬ ಪದವೇ ಕೋಪ ತರಿಸುತ್ತದೆ. ಆ ಕೋಪ ನ್ಯಾಯವಾದದ್ದು. ಅವರು ರೈಲ್ವೆ ಕಂಬಿಯ ತಡೆಗೋಡೆ ಬೇಕು ಎನ್ನುತ್ತಾರೆ. ಕಂಬಿ ಅಗತ್ಯವಾದ ಜಾಗಗಳಿವೆ. ದಾರಿಗೇ ಅಡ್ಡವಾಗಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯ ಬಳಿ ಕಂಬಿ ದಾಟಲು ಹೋಗಿ ಅದರ ಮೇಲೆಯೇ ಸಿಕ್ಕಿ ಸತ್ತ ಗಂಡಾನೆಯ ಚಿತ್ರ ಸಾಕು. ಸಾಯದ ಆನೆ ಬೇಲಿ ಮುಗಿಯುವ ತುದಿಯವರೆಗೆ ನಡೆದು, ಅಲ್ಲಿನ ಮೊದಲ ಹೊಲಕ್ಕೆ ನುಗ್ಗುತ್ತದೆ. ಅದು ಪಕ್ಕದ ಪಂಚಾಯಿತಿಯದ್ದಾಗಿರಬಹುದು, ಅಲ್ಲಿಯೂ ನಿಮ್ಮಂಥದೇ ರೈತರು ಇರುತ್ತಾರೆ. ಆದ್ದರಿಂದ ತಡೆಗಳು ದಾರಿಯ ಉದ್ದಕ್ಕೆ, ಎರಡೂ ಬದಿಯಲ್ಲಿ ಹೊಲಗಳಿಗೆ ಕವಚವಾಗಿ ಬರಲಿ. ದಾರಿಯ ಬಾಯಿ ತೆರೆದಿರಲಿ. ಸೌರ ಬೇಲಿಯನ್ನು ಒಬ್ಬೊಬ್ಬರ ಹೊಲಕ್ಕೆ ಬಿಡಿಬಿಡಿಯಾಗಿ ಹಾಕುವ ಬದಲು ಹತ್ತು ಮನೆಯವರು ಸೇರಿ ಒಂದೇ ಸಾಲಾಗಿ ಹಾಕಿದರೆ ಖರ್ಚೂ ಕಡಿಮೆ, ಬಳ್ಳಿ ಹಬ್ಬದಂತೆ ನೋಡಿಕೊಳ್ಳುವುದೂ ಸುಲಭ. ದಾರಿಗೆ ಅಂಟಿದ ಹೊಲಗಳಲ್ಲಿ ಬಾಳೆ, ಕಬ್ಬಿಗಿಂತ ಅರಿಶಿನ, ಮೆಣಸಿನಕಾಯಿ ವಾಸಿ. ಆನೆ ಅವಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ, ತುಳಿತ ಮಾತ್ರ ತಪ್ಪುವುದಿಲ್ಲ. ವಿದ್ಯುತ್ ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದನ್ನು ಯಾರು ಮಾಡಿದರೂ ತಡೆಯಿರಿ, ಅದು ಅಪರಾಧ. ಆನೆಗಿಂತ ಮೊದಲು ಮನೆಯ ಮಕ್ಕಳು ಅದಕ್ಕೆ ಬಲಿಯಾಗಬಹುದು.

ಪಂಚಾಯಿತಿ ತನ್ನ ಕೈಯಾರೆ ಮಾಡುವ ಕೆಲಸಗಳನ್ನೂ ಒಮ್ಮೆ ತಿರುಗಿ ನೋಡಿ. ‘ನಮ್ಮ ಗ್ರಾಮ ನಮ್ಮ ಯೋಜನೆ’ಯಡಿ ಪ್ರತಿ ವರ್ಷ ಕಾಮಗಾರಿಗಳ ಪಟ್ಟಿ ಮಾಡುತ್ತೀರಿ. ಹಳ್ಳದ ಇಕ್ಕೆಲಕ್ಕೂ ಕಲ್ಲು ಕಟ್ಟಿ ದಡವನ್ನು ಗೋಡೆಯಂತೆ ನೇರ ಮಾಡಿದರೆ ಮರಿಯಾನೆ ಹತ್ತಲಾರದು. ಕಸ ವಿಲೇವಾರಿ ಘಟಕ, ಎತ್ತರದ ದೀಪದ ಕಂಬ, ಆಶ್ರಯ ನಿವೇಶನ, ಇವುಗಳಿಗೆ ಜಾಗ ಹುಡುಕುವಾಗ ಆ ಸರ್ವೆ ನಂಬರ್ ಪಟ್ಟಿ ಮುಂದಿರಲಿ. ಗೋಮಾಳದ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಹಗಲು ದನ ಮೇಯುವ, ರಾತ್ರಿ ಆನೆ ದಾಟುವ ಗೋಮಾಳಗಳೇ ಬಹಳ ಕಡೆ ಎರಡು ಕಾಡುಗಳ ನಡುವೆ ಉಳಿದಿರುವ ಬಯಲು. ಬಗರ್‌ಹುಕುಂ (ಸರ್ಕಾರಿ ನೆಲದ ಅನಧಿಕೃತ ಸಾಗುವಳಿ ಸಕ್ರಮ) ಅರ್ಜಿಗಳು, ಸೌರ ವಿದ್ಯುತ್ ಘಟಕದ ಬೇಡಿಕೆಗಳು ಮೊದಲು ಬಂದು ಬೀಳುವುದೂ ಅದರ ಮೇಲೆಯೇ. ಮಂಜೂರಾತಿ ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಪಂಚಾಯಿತಿಯ ಅಭಿಪ್ರಾಯ ಕೇಳಿ ಪತ್ರ ಬಂದಾಗ ‘ಆಕ್ಷೇಪಣೆ ಇಲ್ಲ’ ಎಂದು ಮುದ್ರೆ ಒತ್ತುವ ಅಭ್ಯಾಸ ನಿಲ್ಲಲಿ.

ನಿಮ್ಮ ಗ್ರಾಮ ಸಂರಕ್ಷಿತ ಕಾಡಿನ ಸುತ್ತ ಗುರುತಿಸುವ ಯಾವುದಾದರೂ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಯ ಅನುಬಂಧದಲ್ಲಿದೆಯೇ ಎಂದು ನೋಡಿಕೊಳ್ಳಿ. ಇದ್ದರೆ ನಿಮಗೆ ಇನ್ನೊಂದು ಆಸರೆ ಸಿಕ್ಕಂತೆ. ಸಾಮಾನ್ಯವಾಗಿ ಇಂತಹ ಅಧಿಸೂಚನೆಗಳಲ್ಲಿ ಸಂರಕ್ಷಿತ ಪ್ರದೇಶದ ಗಡಿಯಿಂದ ಒಂದು ಕಿಲೋಮೀಟರ್‌ ಒಳಗೆ ಹೊಸ ವಾಣಿಜ್ಯ ಹೋಟೆಲ್, ರೆಸಾರ್ಟ್‌ಗಳಿಗೆ ಅವಕಾಶವಿಲ್ಲ. ಹೋಟೆಲ್ ಆವರಣಗಳ ಬೇಲಿ, ರಾತ್ರಿಯ ವಾಹನ ಸಂಚಾರ ಕೂಡ ನಿಯಂತ್ರಣದ ಪಟ್ಟಿಯಲ್ಲಿ ಬರುತ್ತವೆ. ಎರಡು ವರ್ಷದೊಳಗೆ ಸ್ಥಳೀಯ ಜನರನ್ನು ಕೇಳಿ ವಲಯ ಮಹಾಯೋಜನೆ ಮಾಡಬೇಕೆಂದೂ ಅವುಗಳಲ್ಲಿ ಬರೆದಿರುತ್ತದೆ. ನಿಮ್ಮ ಪಟ್ಟಿ ಆ ಮಹಾಯೋಜನೆಯೊಳಗೆ ಸೇರಿಬಿಟ್ಟರೆ ಅದು ಬರೀ ಪಂಚಾಯಿತಿಯ ಮಾತಾಗಿ ಉಳಿಯುವುದಿಲ್ಲ. ಕರಡು ಹೊರಬಿದ್ದು ಆಕ್ಷೇಪಣೆ ಕರೆಯುವ ದಿನಗಳು ಬಹಳ ಮುಖ್ಯ. ಬನ್ನೇರುಘಟ್ಟದ ಸುತ್ತಲಿನ ಸೂಕ್ಷ್ಮ ವಲಯ 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇದ್ದದ್ದು 2020ರ ಅಂತಿಮ ಅಧಿಸೂಚನೆಯ ಹೊತ್ತಿಗೆ ಸುಮಾರು 169ಕ್ಕೆ ಇಳಿಯಿತು. ಕರಡಿಗೂ ಅಂತಿಮ ಪ್ರತಿಗೂ ನಡುವೆ ಎಷ್ಟೆಲ್ಲ ಬದಲಾಗಬಹುದು ಎಂಬುದಕ್ಕೆ ಇದನ್ನು ಹೇಳಿದೆ. ಆ ದಿನಗಳಲ್ಲಿ ನಿಮ್ಮ ಪತ್ರವೂ ಕಡತದಲ್ಲಿರಬೇಕು.

ಇನ್ನು ನಿಮ್ಮ ರೈತರ ಪ್ರಶ್ನೆ. ಗ್ರಾಮ ಸಭೆಯ ಠರಾವಿನಿಂದ ಪಹಣಿಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಬೆಳೆ ಸಾಲ ಕೃಷಿ ಜಮೀನಿನ ಮೇಲೆ ಸಿಗುವಂಥದ್ದು, ಆ ಜಮೀನು ಕೃಷಿ ಜಮೀನಾಗಿಯೇ ಇರುತ್ತದೆ. ಆದರೆ ಒಂದು ಮಾತನ್ನು ಮುಚ್ಚಿಡಬೇಡಿ. ರೆಸಾರ್ಟ್‌ಗೆ ಮಾರುವ ಆಸೆಯಿಂದ ಕಾದು ಕುಳಿತವರಿಗೆ ದಾರಿಯೊಳಗಿನ ಜಮೀನಿಗೆ ಆ ಬೆಲೆ ಸಿಗಲಾರದು. ಇದನ್ನು ಬೇರೆಯವರ ಬಾಯಿಂದ ಕೇಳಿದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ನೀವೇ ಹೇಳಿ, ಜೊತೆಗೆ ಅವರಿಗೆ ಇರುವ ಬೇರೆ ದಾರಿಗಳನ್ನೂ ಹೇಳಿ.

ಒಂದು, ಒಪ್ಪಿ ಮಾರುವುದು. ನಿಮ್ಮ ಜಿಲ್ಲೆಯಲ್ಲೇ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್‌ನಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಸುಮಾರು 25 ಎಕರೆ ಖಾಸಗಿ ಜಮೀನನ್ನು ಬೆಲೆ ಕೊಟ್ಟು ಕೊಂಡು, ಕಾಡಿಗೆ ಸೇರಿಸಲು ಅರಣ್ಯ ಇಲಾಖೆಗೆ ಒಪ್ಪಿಸಿತು. ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಮಲೆಮಹದೇಶ್ವರ ಬೆಟ್ಟದ ಕಡೆಯ ಕಾಡನ್ನೂ ಹೊಲಿಯುವ ಜಾಗ ಅದು. ಎಕರೆ ಲೆಕ್ಕದಲ್ಲಿ ಬಹಳ ಚಿಕ್ಕದು. ಆದರೆ ದಾರಿಯ ಕುತ್ತಿಗೆ ಅಲ್ಲೇ ಇತ್ತು. ಸರಿಯಾದ ಜಾಗ ಗುರುತಿಸಿದರೆ ಕೊಳ್ಳಬೇಕಾದದ್ದು ನೂರಾರು ಎಕರೆ ಆಗಿರಬೇಕಿಲ್ಲ ಎಂಬುದನ್ನು ಆ ಜಮೀನು ತೋರಿಸಿಕೊಟ್ಟಿದೆ.

ಇನ್ನೊಂದು, ಮಾರದೆ ಉಳಿಸಿಕೊಳ್ಳುವುದು. ವನ್ಯಜೀವಿ ಕಾಯ್ದೆಯ 36ಸಿ ಪ್ರಕರಣದಡಿ ಭೂಮಾಲೀಕರು ತಾವಾಗಿಯೇ ಮುಂದೆ ಬಂದರೆ ರಾಜ್ಯ ಸರ್ಕಾರ ಅವರ ಜಮೀನನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಬಹುದು. ಒಡೆತನ ಅವರದ್ದೇ. ಭೂ ಬಳಕೆ ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಆ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಪ್ರಾತಿನಿಧ್ಯವಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ನಮ್ಮ ರಾಜ್ಯದ ಉದಾಹರಣೆ. ಮನೆಯ ಹಿತ್ತಲಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ, ಮರದ ಯಜಮಾನರು ಮರದ ಯಜಮಾನರಾಗಿಯೇ ಇದ್ದಾರೆ. ಹಕ್ಕಿಯ ಗೂಡು ಬೇರೆ, ಆನೆಯ ಹಿಂಡು ಬೇರೆ, ಒಪ್ಪುತ್ತೇನೆ. ಸರ್ಕಾರಿ ನೆಲವೇ ಹೆಚ್ಚಿದ್ದರೆ 36ಎ ಪ್ರಕರಣದ ಸಂರಕ್ಷಣಾ ಮೀಸಲು ಪ್ರದೇಶ ಇನ್ನೂ ಹೊಂದುತ್ತದೆ. ಒಂದು ಸಂರಕ್ಷಿತ ಪ್ರದೇಶವನ್ನು ಇನ್ನೊಂದಕ್ಕೆ ಜೋಡಿಸುವ ನೆಲಕ್ಕಾಗಿಯೇ ಅದನ್ನು ಬರೆದಿದ್ದಾರೆ, ಸ್ಥಳೀಯರನ್ನು ಕೇಳಿಯೇ ಘೋಷಿಸಬೇಕು. ಅದರ ಸಮಿತಿಯಲ್ಲೂ ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಸ್ಥಾನವಿದೆ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ ತಮಿಳುನಾಡಿನ ಸೀಗೂರನ್ನು ತೋರಿಸಿ. ಬಂಡೀಪುರದ ಆಚೆ, ಮೋಯಾರ್ ಕಣಿವೆ ದಾಟಿದರೆ ಸಿಗುವ ಪ್ರಸ್ಥಭೂಮಿ ಅದು. ಆನೆಗಳ ದಾರಿಯಲ್ಲಿ ಒಂದರ ಹಿಂದೊಂದು ರೆಸಾರ್ಟ್‌ಗಳು ಎದ್ದವು. 2010ರಲ್ಲಿ ತಮಿಳುನಾಡು ಸರ್ಕಾರ ಕಾರಿಡಾರ್ ಅಧಿಸೂಚನೆ ಹೊರಡಿಸಿತು, ಮರುವರ್ಷ ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. 2018ರಲ್ಲಿ ಅನುಮತಿಯಿಲ್ಲದ ರೆಸಾರ್ಟ್‌ಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆ ಸರಿ ಎಂದು ಹೇಳಿ, ಜಮೀನುದಾರರ ಅಹವಾಲು ಕೇಳಲು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿ ನೇಮಿಸಿತು. ಹತ್ತು ವರ್ಷ ನ್ಯಾಯಾಲಯ ಅಲೆದವರಲ್ಲಿ ರೆಸಾರ್ಟ್ ಕಟ್ಟಿದವರು ಮಾತ್ರ ಇರಲಿಲ್ಲ, ಅದೇ ನೆಲದಲ್ಲಿ ಬಾಳಿದ ಸಾಮಾನ್ಯ ಜನರೂ ಇದ್ದರು. ಮೊದಲ ಅರ್ಜಿಯ ದಿನವೇ ದಾರಿ ಎಲ್ಲಿದೆ ಎಂದು ಊರು ಬರೆದಿಟ್ಟಿದ್ದರೆ ಆ ಜನರಿಗೆ ಈ ಸಂಕಟ ಇಷ್ಟು ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಈ ವಾರ ನೀವು ಮಾಡಬೇಕಾದದ್ದು ಎರಡೇ ಪತ್ರ. ಹಳ್ಳದ ಬಿ ಖರಾಬು ಅಳತೆ ಮಾಡಿಸಿ ಎಂದು ತಹಶೀಲ್ದಾರರಿಗೆ ಒಂದು, ಆ ಸರ್ವೆ ನಂಬರ್‌ಗಳಲ್ಲಿ ಆನೆ ಸಂಚಾರದ ಬಗ್ಗೆ ಲಿಖಿತ ಅಭಿಪ್ರಾಯ ಕೊಡಿ ಎಂದು ವಲಯ ಅರಣ್ಯಾಧಿಕಾರಿಗೆ ಇನ್ನೊಂದು. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಪ್ರತಿಯನ್ನು ಕಟ್ಟಡದ ಅರ್ಜಿಯ ಕಡತಕ್ಕೆ ಸೇರಿಸಿ. ಪಕ್ಕದ ಪಂಚಾಯಿತಿಯ ಅಧ್ಯಕ್ಷರಿಗೂ ಒಂದು ಮಾತು ಹೇಳಿ, ಹಳ್ಳ ನಿಮ್ಮ ಗಡಿಯಲ್ಲಿ ಮುಗಿಯುವುದಿಲ್ಲ. ಆಮೇಲೆ ನಕ್ಷೆ ಹಾಸುವ ಸಭೆಗೆ ದಿನ ಗೊತ್ತುಮಾಡಿ. ಬೆಳಗ್ಗೆ ಹತ್ತೂವರೆಗೆ ಇಡಬೇಡಿ, ಆ ಹೊತ್ತಿಗೆ ದಾರಿ ಬಲ್ಲವರೆಲ್ಲ ದನ ಹೊಡೆದುಕೊಂಡು ಹೋಗಿರುತ್ತಾರೆ. ದನ ಕೊಟ್ಟಿಗೆ ಸೇರಿದ ಮೇಲೆ, ಕಾವಲಿಗೆ ಅಟ್ಟಣೆ ಹತ್ತುವ ಮೊದಲು, ಸಂಜೆ ಆರರ ಹೊತ್ತಿಗೆ ಇಡಿ.